ಮೀಟರಪ್ಪನ ಗಾಲ್ಫ್ ಮನೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಮೀಟರಪ್ಪನ ಮನೆಯಲ್ಲಿ ಒಡೆಯುವುದಕ್ಕೆ ಮುತ್ತು ಇರಲಿಲ್ಲ. ಹಾಗಾಗಿ ಗಾದೆಯ ಮೊದಲರ್ಧವಷ್ಟೇ ಅವನ ಪಾಲಿಗೆ ಬಂತು. ಅದೂ ತನ್ನ ಮನೆಯಲ್ಲಲ್ಲ, ಷಡ್ಡಕನ ಮನೆಯಲ್ಲಿ, ಊಟ ಮುಗಿಸಿ ಮೆತ್ತನೆಯ ಸೋಫಾದಲ್ಲಿ ಕುಳಿತಿದ್ದಾಗ ಬಂತು. ಗಟ್ಟಿ ಕುರ್ಚಿಯ ಮೇಲೆ ಕುಳಿತ ಮನುಷ್ಯ ಇಂಥ ಮಾತು ಆಡುವುದಿಲ್ಲ. ಸೋಫಾ ಮೆತ್ತಗಿದ್ದಷ್ಟೂ ನಾಲಿಗೆಯ ಹಿಡಿತ ಸಡಿಲವಾಗುತ್ತದೆ ಎಂಬುದನ್ನು ಅನುಭವಸ್ಥರು ಒಪ್ಪುತ್ತಾರೆ.

ಮೀಟರಪ್ಪ ಅಂದರೆ ನಗರಸಭೆಯ ನೀರಿನ ವಿಭಾಗದಲ್ಲಿ ಮೀಟರ್ ಓದುವ ಕೆಲಸ ಮಾಡಿ ಆಗಷ್ಟೇ ನಿವೃತ್ತನಾದ ಮನುಷ್ಯ. ಹೆತ್ತವರು ಇಟ್ಟ ಹೆಸರು ಪಿಂಚಣಿ ಕಚೇರಿಯವರಿಗೆ ಮಾತ್ರ ಗೊತ್ತು. ಆ ಊರಿನಲ್ಲಿ ನೀರಿನ ಮೀಟರುಗಳು ಗೇಟಿನ ಪಕ್ಕದ ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ ಇರುತ್ತವೆ. ಮುಚ್ಚಳ ಎತ್ತಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಒಳಗಿರುವ ಕಪ್ಪೆಯ ಅಪ್ಪಣೆ ಪಡೆಯಬೇಕು, ಟಾರ್ಚ್ ಬಿಡಬೇಕು, ಮುಳ್ಳು ಸಿಕ್ಕಿಕೊಂಡಿದೆಯೋ ಏನೋ ಎಂದು ಗಾಜಿನ ಮೇಲೆ ಎರಡು ಸಲ ಕುಟ್ಟಬೇಕು. ಆಮೇಲೆ ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು. ಬೀದಿಯಲ್ಲಿ ನಿಂತ ಜೊತೆಗಾರ ಅದನ್ನು ಬರೆದುಕೊಂಡು "ಬರ್ಕೊಂಡೆ" ಎಂದು ಉತ್ತರ ಕೊಡಬೇಕು. ಆ ಉತ್ತರ ಬರುವವರೆಗೆ ಮೀಟರ್ ಓದಿದ ಹಾಗಲ್ಲ.

ಹೊಸದಾಗಿ ಮದುವೆಯಾದ ದಿನಗಳಲ್ಲಿ ಒಮ್ಮೆ ಜೊತೆಗಾರ ಕಾಮಾಲೆ ಬಂದು ಮಲಗಿಬಿಟ್ಟ. ಬದಲಿ ಆಳನ್ನು ಕೊಡಿ ಎಂದರೆ ಮೇಲಧಿಕಾರಿ ಆಕಾಶ ನೋಡಿದ. ಆಗ ಮೀಟರಪ್ಪನ ಹೆಂಡತಿ ತಾನೇ ಪೆನ್ಸಿಲ್ ಹಿಡಿದು ಗಂಡನ ಹಿಂದೆ ಬೀದಿ ಬೀದಿ ಸುತ್ತಿದಳು. ಅವನು ಗುಂಡಿಯಿಂದ ಕೂಗುವುದು, ಅವಳು ಬೀದಿಯಿಂದ "ಬರ್ಕೊಂಡೆ" ಎನ್ನುವುದು. ಹೊಸ ಜೋಡಿಗಳು ತೋಟದಲ್ಲಿ ಕುಳಿತು ಏನೇನೋ ಮಾತಾಡುತ್ತಾರಂತೆ. ಇವರು ಆಡಿದ್ದು ಇಷ್ಟೇ, ಆದರೂ ಅವೇ ತಮ್ಮ ಬದುಕಿನ ಒಳ್ಳೆಯ ದಿನಗಳೆಂದು ಇಬ್ಬರೂ ಬೇರೆ ಬೇರೆಯಾಗಿ ನಂಬಿದ್ದರು.

ಈಗ ಅವಳ ಮಂಡಿಗಳು ಸವೆದಿದ್ದವು. ಬಾಡಿಗೆ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟು ಇಲ್ಲ. ಒಮ್ಮೆ ಇಳಿದರೆ ಹತ್ತುವ ಯೋಚನೆಗೇ ಅವಳಿಗೆ ಕಣ್ಣಲ್ಲಿ ನೀರು. ಹತ್ತಿದರೆ ಮತ್ತೆ ವಾರಗಟ್ಟಲೆ ಇಳಿಯುತ್ತಿರಲಿಲ್ಲ. ನಿವೃತ್ತಿಯ ದುಡ್ಡಿನಲ್ಲಿ ನೆಲಮಟ್ಟದ ಒಂದು ಮನೆ ಕೊಳ್ಳುವುದು ಎಂದು ಯಾವತ್ತೋ ತೀರ್ಮಾನವಾಗಿತ್ತು. ಮನೆಯನ್ನೂ ನೋಡಿದ್ದರು. ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಒಬ್ಬ ನಿವೃತ್ತ ನರ್ಸಮ್ಮನದು. ಬಾಗಿಲ ಮುಂದೆ ಒಂದೇ ಒಂದು ಅಗಲವಾದ ಮೆಟ್ಟಿಲು, ಅದರ ಮುಂದೆ ಓಣಿ, ಓಣಿಯಾಚೆ ಬಳ್ಳಿ ಹಬ್ಬಿದ ತಂತಿಬೇಲಿ. ಗಂಡ ಗೋಡೆ ತಟ್ಟಿ ನಲ್ಲಿ ತಿರುಗಿಸಿ ನೋಡುತ್ತಿದ್ದರೆ, ಹೆಂಡತಿ ಆ ಮೆಟ್ಟಿಲ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಮಾತಾಡಿಸಿದಳು. ಕೆಮ್ಮುತ್ತಾ ಹೋಗುತ್ತಿದ್ದ ಪಕ್ಕದ ಮನೆಯ ಮುದುಕನಿಗೆ ಔಷಧಿ ಕೂಡ ಹೇಳಿದಳು. ಹೊರಡೋಣ ಎಂದಾಗ ಏಳಲಿಲ್ಲ. ಮಂಡಿನೋವು ಎಂದಳು, ಆದರೆ ಅದು ಮಂಡಿನೋವಲ್ಲ. ನರ್ಸಮ್ಮ ತಿಂಗಳ ಕೊನೆಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಳು.

ಎಲ್ಲ ಸರಿಯಿತ್ತು. ಅಷ್ಟರಲ್ಲಿ ಷಡ್ಡಕ ಊಟಕ್ಕೆ ಕರೆದ.

ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ನೆಲಕ್ಕೆ ಹಾಸುವ ಟೈಲ್ಸ್ ಮಾರಿ ದುಡ್ಡು ಮಾಡಿದವನು. ಊರ ಹೊರಗೆ ಗಾಲ್ಫ್ ಮೈದಾನದ ಸುತ್ತ ಕಟ್ಟಿದ ಬಡಾವಣೆಯಲ್ಲಿ ಮನೆ ಕೊಂಡು ಒಂದು ವರ್ಷವಾಗಿತ್ತು. ಕೋಣೆಯ ಒಂದು ಪಕ್ಕ ಪೂರ್ತಿ ಗಾಜು, ಗಾಜಿನಾಚೆ ಹಸಿರೋ ಹಸಿರು. ಅಷ್ಟು ಹಸಿರಿನಲ್ಲಿ ಒಂದು ನರಪಿಳ್ಳೆಯಿಲ್ಲ. ಹಿತ್ತಿಲ ಬಾಗಿಲ ಪಕ್ಕದ ಮೊಳೆಗೆ ಒಂದು ಹೆಲ್ಮೆಟ್ ನೇತುಹಾಕಿತ್ತು. ಷಡ್ಡಕ ಸ್ಕೂಟರ್ ಮಾರಿ ಎಷ್ಟೋ ಕಾಲವಾಗಿತ್ತಲ್ಲ ಎಂದು ಮೀಟರಪ್ಪ ಯೋಚಿಸುತ್ತಿರುವಾಗಲೇ ಷಡ್ಡಕ ಗಾಜಿನ ಕಡೆ ಕೈ ಬೀಸಿ, ಇಂಥ ನೋಟ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದ. ಆಮೇಲೆ ಬಹಳ ಮೃದುವಾಗಿ, ಇನ್ನೂ ಆ ಮೂರನೇ ಮಹಡಿಯಲ್ಲೇ ಇದ್ದೀರಾ ಎಂದು ಕೇಳಿದ.

ಆ ಮೃದುತ್ವವೇ ಕೆಲಸ ಕೆಡಿಸಿದ್ದು.

"ನಾವೂ ಗಾಲ್ಫ್ ಕಡೆಯೇ ನೋಡ್ತಾ ಇದೀವಿ ಭಾವ," ಎಂದ ಮೀಟರಪ್ಪ. "ಆದ್ರೆ ನಿಮ್ಮ ಹಾಗೆ ಬರೀ ಮನೆ ನೋಡಿದ್ರೆ ನಂಗೆ ಆಗಲ್ಲ. ನಾನು ಆಡೋನು. ಮೈದಾನ ಸರಿ ಇರಬೇಕು."

ಮೀಟರಪ್ಪ ಗಾಲ್ಫ್ ಕೋಲನ್ನು ಕನಸಿನಲ್ಲೂ ಮುಟ್ಟಿದವನಲ್ಲ. ಅವನು ಹೆಂಡತಿಯ ಮುಖ ನೋಡಿದ. ಹೆಂಡತಿ ಅಕ್ಕನ ಮುಖ ನೋಡಿದಳು. ಹುಟ್ಟಿದಾಗಿನಿಂದ ಅಕ್ಕನ ಹಳೆಯ ಬಟ್ಟೆ ಹಾಕಿಕೊಂಡು ಬೆಳೆದವಳು ಅವಳು. ಅಕ್ಕನ ಕಣ್ಣಿನಲ್ಲಿ ಮೊದಲ ಬಾರಿಗೆ ತಂಗಿಯ ಬಗ್ಗೆ ಒಂದು ಬೆರಗು ಕಂಡಿತು. ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಭಾನುವಾರ ಬಂತು ಅಂದ್ರೆ ಇವ್ರು ಮನೆಗೇ ಸಿಗಲ್ಲ ಅಕ್ಕ," ಎಂದುಬಿಟ್ಟಳು.

ಗಂಡನ ಸುಳ್ಳು ಒಂದು ಕಾಲಿನದು, ಹೆಂಡತಿ ಅದಕ್ಕೆ ಇನ್ನೊಂದು ಕಾಲು ಕೊಟ್ಟಳು. ಎರಡು ಕಾಲು ಬಂದ ಮೇಲೆ ಯಾವ ಸುಳ್ಳೂ ಕೂತಲ್ಲಿ ಕೂರುವುದಿಲ್ಲ. ಇವರು ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಅದು ಫೋನಿನ ಮೂಲಕ ನೆಂಟರ ಮನೆಗಳನ್ನೆಲ್ಲ ಸುತ್ತಿ, ಇವರ ಕಟ್ಟಡದ ಕೆಳಗಿರುವ ಕ್ಷೌರದಂಗಡಿಯಲ್ಲಿ ಕಾಲು ಚಾಚಿ ಕೂತಿತ್ತು.

ಕ್ಷೌರಿಕ ಸಜ್ಜನ. ಮೀಟರಪ್ಪನ ಕುತ್ತಿಗೆಗೆ ಬಟ್ಟೆ ಕಟ್ಟಿ, ಸೋಪು ಹಚ್ಚಿ, ಬಾಯಿ ತೆರೆಯಲಾಗದ ಸ್ಥಿತಿಗೆ ತಂದು, ಗಾಲ್ಫ್ ಆಡುವವರು ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಎಂದು ನೊಂದುಕೊಂಡ. ತನ್ನ ಗಿರಾಕಿಗಳಲ್ಲಿ ಕೆಲವು ಬಸ್ ಡ್ರೈವರುಗಳು ಅದನ್ನೇ ಆಡುತ್ತಾರೆ, ಊರೊಳಗೇ ಎಲ್ಲೋ ನಗರಸಭೆಯ ಹಳೇ ಮೈದಾನವಿದೆ, ಬಸ್ ಟಿಕೆಟ್ಟಿಗಿಂತ ಕಡಿಮೆಯಂತೆ, ವಿಚಾರಿಸಲೇ ಎಂದು ಕೇಳಿದ. ಮೀಟರಪ್ಪ ಸೋಪಿನೊಳಗಿಂದ ಬೇಡವೆಂದು ತಲೆಯಾಡಿಸಿದ. ಅಗ್ಗದ ಮೈದಾನದ ಹೆಸರು ಹೇಳಿದರೆ ಷಡ್ಡಕನ ಮುಂದೆ ಮರ್ಯಾದೆ ಏನಾಗಬೇಕು?

ಮರುದಿನ ಮನೆ ಮಾಲೀಕ ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದ. ನಲ್ಲಿ ಸೋರುತ್ತಿದೆ ಎಂದು ಕರೆದಾಗ ಒಮ್ಮೆಯೂ ಹತ್ತಿದವನಲ್ಲ. ಮೀಟರಪ್ಪನ ಕೈ ಕುಲುಕಿದ, ಒಳ್ಳೆಯ ಬಾಡಿಗೆದಾರನನ್ನು ಕಳೆದುಕೊಳ್ಳುವುದು ಎಷ್ಟು ದುಃಖವೆಂದು ವಿವರಿಸಿದ, ಕೊನೆಗೆ ಈ ಮನೆಯನ್ನು ತಿಂಗಳ ಕೊನೆಗೆ ಬೇರೊಬ್ಬರಿಗೆ ಒಪ್ಪಿಸಿ ಮುಂಗಡವನ್ನೂ ತೆಗೆದುಕೊಂಡಾಗಿದೆ ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈತ ಕರುವನ್ನು ಆಗಲೇ ಮಾರಿಯೂ ಬಂದಿದ್ದ.

ಹೀಗೆ ಇದ್ದ ಮನೆ ಹೋಯಿತು. ಬೇಕಾದ ಮನೆ ಡಿಪೋದ ಹಿಂದೆ ಕಾಯುತ್ತಿತ್ತು. ಅದನ್ನೇ ಕೊಂಡುಬಿಡೋಣ ಎಂದು ಮೀಟರಪ್ಪ ಮೆಲ್ಲನೆ ಹೇಳಿದ. ಹೆಂಡತಿ ಬಹಳ ಹೊತ್ತು ಮಂಡಿ ನೀವಿಕೊಳ್ಳುತ್ತಾ ಕುಳಿತಳು.

"ಅಕ್ಕ ಬಂದು ನೋಡ್ತಾಳೆ ಕಣ್ರೀ," ಎಂದಳು. "ಗಾಲ್ಫ್ ಎಲ್ಲಿ ಅಂತ ಕೇಳ್ತಾಳೆ. ಡಿಪೋ ಗೋಡೆ ತೋರಿಸ್ಲಾ? ಹೋಗಿ ನಾಲ್ಕು ಕಡೆ ನೋಡಿ, ಎಲ್ಲೂ ಸರಿಯಿಲ್ಲ ಅಂತ ಬಿಡೋಣ. ಆಮೇಲೆ ಡಿಪೋ ಮನೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಯೋಜನೆ. ಕೋಲು ಹಿಡಿಯಲು ಬಾರದವನ ಕೈಗೆ ಅದನ್ನು ಕೊಟ್ಟದ್ದೊಂದೇ ತೊಂದರೆ.

ಮೊದಲು ಹೋದ ಬಡಾವಣೆಯಲ್ಲಿ ಕರಿ ಕೋಟಿನ ಒಬ್ಬ ಮಾರಾಟದ ಅಧಿಕಾರಿಣಿ ಇದ್ದಳು. ಮೇಜಿನ ಮೇಲೆ ಇಡೀ ಬಡಾವಣೆಯ ಮಾದರಿ, ಬೆಂಕಿಪೊಟ್ಟಣದಷ್ಟು ಮನೆಗಳು, ಸ್ಪಂಜಿನ ಮರಗಳು. ಮನೆಯ ಬೆಲೆ ಕೇಳಿ ಮೀಟರಪ್ಪ ಮೇಜಿನ ಅಂಚು ಹಿಡಿದುಕೊಂಡ. ಅಷ್ಟು ಬೆಲೆಗೆ ಬೆಂಕಿಪೊಟ್ಟಣದ ಮನೆಯೂ ಅವನಿಗೆ ದಕ್ಕುವಂತಿರಲಿಲ್ಲ. ಅದರ ಮೇಲೆ ಹುಲ್ಲು ನೋಡಿಕೊಳ್ಳಲು ತಿಂಗಳು ತಿಂಗಳೂ ಬೇರೆ ಕಟ್ಟಬೇಕಂತೆ, ಬದುಕಿರುವಷ್ಟು ಕಾಲವೂ. ಅವನು ಗಂಟಲು ಸರಿಮಾಡಿಕೊಂಡು, ಬೆಲೆಯ ಮಾತು ಆಮೇಲಿರಲಿ, ಮೊದಲು ಮೈದಾನ ನೋಡಬೇಕು ಎಂದ.

ಸಣ್ಣ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ದರು. ಹುಲ್ಲಿನ ನಡುವೆ ಒಂದು ಬಾವುಟ, ಬಾವುಟದ ಬುಡದಲ್ಲಿ ಚೆಂಡನ್ನು ಬೀಳಿಸಬೇಕಾದ ಒಂದು ಗುಂಡಿ.

ಇಲ್ಲಿ ಮೀಟರಪ್ಪನ ತಪ್ಪೇನೂ ಇಲ್ಲವೆಂದು ಹೇಳಲೇಬೇಕು. ನೌಕರಿಯ ಉದ್ದಕ್ಕೂ ಗುಂಡಿ ಕಂಡಲ್ಲಿ ಬಗ್ಗಿದ ಬೆನ್ನು ಯಜಮಾನನನ್ನು ಕೇಳುವುದಿಲ್ಲ. ಅವನು ಬಾವುಟದ ಕೋಲನ್ನು ಕಿತ್ತು ಅಧಿಕಾರಿಣಿಯ ಕೈಗೆ ಕೊಟ್ಟ. ಕುಕ್ಕರಗಾಲಲ್ಲಿ ಕುಳಿತ. ಜೇಬಿನಿಂದ ಟಾರ್ಚ್ ತೆಗೆದು ಗುಂಡಿಯೊಳಗೆ ಬಿಟ್ಟ. ಅಂಚಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದ. ಒಳಗೆ ಅಂಕಿಯಿಲ್ಲ, ಮುಳ್ಳಿಲ್ಲ, ಕಪ್ಪೆ ಕೂಡ ಇಲ್ಲ. ಕೂಗುವುದಕ್ಕೆ ಏನೂ ಇಲ್ಲದೆ ಒಂದು ಗುಂಡಿಯಿಂದ ಎದ್ದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಅವನ ಮುಖ ಗಂಭೀರವಾಯಿತು.

ಏನಾದರೂ ತೊಂದರೆಯೇ ಎಂದು ಅಧಿಕಾರಿಣಿ ಕೇಳಿದಳು.

"ಏನೂ ಹೇಳೋ ಹಾಗಿಲ್ಲ," ಎಂದ ಮೀಟರಪ್ಪ. ಅದು ಶುದ್ಧ ಸತ್ಯ.

ಎರಡನೇ ಗುಂಡಿಯನ್ನೂ ಹಾಗೇ ನೋಡಿ, "ಇದೂ ಹಾಗೇ," ಎಂದು ನಿಟ್ಟುಸಿರು ಬಿಟ್ಟ. ಆಡುತ್ತಿದ್ದವರು ಆಟ ನಿಲ್ಲಿಸಿ, ಟೋಪಿ ತೆಗೆದು, ಸಾವಿನ ಮನೆಯಲ್ಲಿ ನಿಂತ ಹಾಗೆ ನಿಂತರು. ಕೊನೆಯ ಗುಂಡಿಯ ಹೊತ್ತಿಗೆ ಅಧಿಕಾರಿಣಿಯ ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟಳು, ಮಂಡಿನೋವಿನ ಅಮ್ಮನವರಿಗೆಂದು ಬಸ್ ನಿಲ್ದಾಣದವರೆಗೆ ಗಾಡಿಯನ್ನೂ ಕಳಿಸಿದಳು. ಗಂಡಹೆಂಡತಿ ಅದನ್ನು ಬರೀ ಒಳ್ಳೆಯತನವೆಂದುಕೊಂಡರು.

ಆದರೆ ಎರಡನೇ ಬಡಾವಣೆಯ ಗೇಟಿನಲ್ಲಿ ವ್ಯವಸ್ಥಾಪಕನೇ ಕೊಡೆ ಹಿಡಿದು ಕಾಯುತ್ತಿದ್ದ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಒಬ್ಬ ಮೇಲಧಿಕಾರಿ ವೇಷ ಮರೆಸಿಕೊಂಡು ಸುತ್ತುತ್ತಿದ್ದಾನೆ, ಮೈದಾನಗಳಿಗೆ ದರ್ಜೆಯ ನಕ್ಷತ್ರ ಕೊಡುವುದು ಕಿತ್ತುಕೊಳ್ಳುವುದು ಅವನ ಕೈಯಲ್ಲಿದೆ, ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡುತ್ತಾನೆ, ಅನುಮಾನ ಬಾರದಿರಲಿ ಎಂದು ಕುಂಟುವ ಹೆಂಡತಿಯನ್ನೂ ಜೊತೆಗೆ ತರುತ್ತಾನೆ ಎಂಬ ಸುದ್ದಿ ಗಾಲ್ಫ್ ಲೋಕದಲ್ಲಿ ಹಬ್ಬಿಬಿಟ್ಟಿತ್ತು. ವ್ಯವಸ್ಥಾಪಕ ಇವರಿಗೆ ತಂಪು ಪಾನೀಯ ಕೊಟ್ಟ, ಕೂರಲು ಮೆತ್ತೆ ಕೊಟ್ಟ, ಗುಂಡಿಗಳನ್ನು ಬೆಳಿಗ್ಗೆಯೇ ಒರೆಸಿಸಿದ್ದೇನೆ ಎಂದು ತಾನಾಗಿ ಹೇಳಿದ. ಮೀಟರಪ್ಪ ಇಣುಕಿ ನೋಡಿ, ಇಲ್ಲೂ ಏನೂ ಹೇಳುವ ಹಾಗಿಲ್ಲ ಎಂದಾಗ ಅವನು ಹುಲ್ಲಿನ ಮೇಲೆ ಕುಳಿತೇಬಿಟ್ಟ.

ಮನೆಗಳು ಅಗ್ಗವಾಗುತ್ತಾ ಹೋದಂತೆ ಊರು ದೂರವಾಗುತ್ತಾ ಹೋಯಿತು. ತೀರಾ ಅಗ್ಗದ ಬಡಾವಣೆ ಬಸ್ಸಿನ ಕೊನೆಯ ನಿಲ್ದಾಣದಿಂದಲೂ ಆಚೆ ಇತ್ತು. ಅಲ್ಲಿ ಜಲ್ಲಿಕಲ್ಲಿನ ಮೇಲೆ ಬಾವುಟಗಳನ್ನು ಮಾತ್ರ ನೆಟ್ಟಿದ್ದರು. ಹುಲ್ಲು ಬರಬೇಕಷ್ಟೆ, ಗುಂಡಿ ಆಮೇಲೆ ತೋಡುತ್ತೇವೆ ಎಂದರು. ಮೀಟರಪ್ಪ ಬಾವುಟದ ಬುಡದಲ್ಲಿ ಕುಳಿತು ಕೈಯಾಡಿಸಿ ಹುಡುಕಿದ. ಬಗ್ಗಲು ಗುಂಡಿಯೇ ಇಲ್ಲದ ಜಾಗದಲ್ಲಿ ಮನುಷ್ಯ ವಾಸ ಮಾಡುವುದು ಹೇಗೆಂದು ಅವನಿಗೆ ನಿಜಕ್ಕೂ ದುಃಖವಾಯಿತು. ಅಲ್ಲಿಂದ ಬಸ್ಸಿನವರೆಗೆ ನಡೆದ ದಾರಿಯಲ್ಲಿ ಹೆಂಡತಿಯ ಮಂಡಿ ಊದಿಕೊಂಡಿತು. ಅವಳು ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕುಳಿತಳು. ನಾಳೆ ತಿಂಗಳ ಕೊನೆ. ಡಿಪೋ ಮನೆಗೆ ಹೋಗಿಬಿಡಬೇಕೆಂದು ಅವನು ನಿಶ್ಚಯಿಸಿದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ಬೆಳಿಗ್ಗೆಯೇ ಷಡ್ಡಕನ ಫೋನು. ತಮ್ಮ ಬಡಾವಣೆಯ ಸಂಘದವರು ಆ ಟಾರ್ಚಿನ ಅಧಿಕಾರಿ ಇವರೇ ಎಂದು ಗುರುತು ಹಿಡಿದಿದ್ದಾರೆ, ಸಂಘದ ಅಧ್ಯಕ್ಷರು ಕಾರು ಕಳಿಸಿದ್ದಾರೆ, ಬಾರದಿದ್ದರೆ ತನ್ನ ಮರ್ಯಾದೆ ಹೋಗುತ್ತದೆ ಎಂದ. ಕಾರು ಆಗಲೇ ಕ್ಷೌರದಂಗಡಿಯ ಮುಂದೆ ನಿಂತಿತ್ತು. ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯ ಸಮೇತ ಹೊರಗೆ ಬಂದು ಕೈ ಮುಗಿದ.

ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಜೀವಮಾನವೆಲ್ಲ ಜನರ ಬಾಯಿಯೊಳಗೆ ಇಣುಕಿದವರಾದ್ದರಿಂದ ಇಣುಕುವ ಕಲೆಯ ಮರ್ಮ ಬಲ್ಲವರು. ಮೀಟರಪ್ಪ ಒಂದನೇ ಗುಂಡಿಯ ಮುಂದೆ ಕುಳಿತು ಟಾರ್ಚ್ ಓರೆ ಮಾಡಿದ್ದನ್ನು ನೋಡಿಯೇ, ಪಳಗಿದ ಕೈ ಎಂದು ಸಮಿತಿಯವರ ಕಿವಿಯಲ್ಲಿ ಹೇಳಿದರು. ಹಿಂದೆ ಒಂದು ಮೆರವಣಿಗೆಯೇ ನಡೆದಿತ್ತು. ಯಾರೂ ಕೆಮ್ಮುತ್ತಿರಲಿಲ್ಲ. ಮಂಡಿ ಊದಿದ ಹೆಂಡತಿ ಮಾತ್ರ ಅಕ್ಕನ ಹಿತ್ತಿಲಿನಲ್ಲೇ ಉಳಿದಳು.

ಕೊನೆಯ ಗುಂಡಿ ಷಡ್ಡಕನ ಮನೆಯ ಹಿಂದೆಯೇ ಇತ್ತು. ಅಲ್ಲಿಗೆ ತಲುಪುವ ಮೊದಲು ಷಡ್ಡಕ ಅವನ ಮೊಣಕೈ ಹಿಡಿದು ಒಂದು ಮರದ ಮರೆಗೆ ಎಳೆದುಕೊಂಡ. ಟೈಲ್ಸ್ ವ್ಯಾಪಾರದ ಠೀವಿಯೆಲ್ಲ ಇಳಿದು ಮುಖ ಸಣ್ಣದಾಗಿತ್ತು.

"ಒಂದು ಒಳ್ಳೇ ಮಾತು ಹೇಳಿಬಿಡಿ," ಎಂದ. "ಆ ಬಿಳಿ ಟೋಪಿಯೋರು ನಮ್ಮ ಮನೆ ಕೊಳ್ಳೋಕೆ ಬಂದಿದಾರೆ. ಈ ಹುಲ್ಲಿಗೆ ಕಟ್ಟಿ ಕಟ್ಟಿ ಸಾಕಾಗಿದೆ ನಂಗೆ. ಒಂದು ದಿನ ಅದರ ಮೇಲೆ ಕಾಲಿಟ್ಟಿಲ್ಲ. ನಿಮ್ಮ ಹಾಗೆ ಆಡೋಕಾದ್ರೂ ಬಂದಿದ್ರೆ ಬೇರೆ ಮಾತಾಗಿತ್ತು."

ಮೀಟರಪ್ಪ ಅಡಕತ್ತರಿಗೆ ಸಿಕ್ಕ ಅಡಿಕೆಯಾದ. ನಕ್ಷತ್ರ ಕೊಟ್ಟರೆ ಸುಳ್ಳು ಮುಗಿಲು ಮುಟ್ಟುತ್ತದೆ. ಆಮೇಲೆ ಇಂಥ ಅಧಿಕಾರಿ ಡಿಪೋದ ಹಿಂದೆ ಮನೆ ಮಾಡುವುದು ಹೇಗೆ? ನಿಜ ಹೇಳಿದರೆ ಷಡ್ಡಕನ ವ್ಯಾಪಾರ ಮುರಿಯುತ್ತದೆ, ಹೆಂಡತಿ ಅಕ್ಕನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಅವನು ಕೊನೆಯ ಗುಂಡಿಯ ಮುಂದೆ ಕುಳಿತು ಬಹಳ ಹೊತ್ತು ಒಳಗೆ ನೋಡಿದ. ಅಷ್ಟು ದೀರ್ಘವಾದ ಪರೀಕ್ಷೆಯನ್ನು ಆ ಮೈದಾನ ಕಂಡಿರಲಿಲ್ಲ. ಬಿಳಿ ಟೋಪಿಯ ಮನುಷ್ಯ ತುದಿಗಾಲಲ್ಲಿ ನಿಂತ. ಅಧ್ಯಕ್ಷರು ಕೈಗಡಿಯಾರದ ಟಿಕ್‌ಟಿಕ್ ಕೇಳದಂತೆ ಅದನ್ನು ಅಂಗೈಯಿಂದ ಮುಚ್ಚಿಕೊಂಡರು.

ಆಗ ಹುಲ್ಲಿನ ಮೇಲೆ ಯಾರೋ ಕುಂಟುತ್ತಾ ಬರುವ ಸದ್ದಾಯಿತು. ತಲೆಯ ಮೇಲೆ ಹೆಲ್ಮೆಟ್ ಇದ್ದದ್ದರಿಂದ ಮೀಟರಪ್ಪನಿಗೆ ಮೊದಲು ಗುರುತು ಸಿಗಲಿಲ್ಲ. ಸೀರೆಯ ಅಂಚು ನೋಡಿ ಹೆಂಡತಿಯೆಂದು ತಿಳಿಯಿತು. ಅವಳ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಅಕ್ಕ.

"ರೀ, ಏಳಿ ಸಾಕು," ಎಂದಳು ಹೆಂಡತಿ. "ಅಕ್ಕನಿಗೆ ಎಲ್ಲಾ ಹೇಳಿಬಿಟ್ಟೆ."

ಮೀಟರಪ್ಪನ ಎದೆಯಿಂದ ಕಬ್ಬಿಣದ ಮುಚ್ಚಳ ಎತ್ತಿದ ಹಾಗಾಯಿತು. ಅವನು ಎದ್ದು ನಿಂತು ಟಾರ್ಚ್ ಆರಿಸಿದ. ಅಧ್ಯಕ್ಷರಿಗೆ ಕೈ ಮುಗಿದ.

"ನಾನು ಯಾವ ಅಧಿಕಾರಿನೂ ಅಲ್ಲ ಸ್ವಾಮಿ. ನೀರಿನ ಮೀಟರ್ ಓದ್ತಾ ಇದ್ದೋನು. ಗುಂಡಿ ಕಂಡ್ರೆ ಬಗ್ಗೋದು ಅಭ್ಯಾಸ. ಗಾಲ್ಫ್ ಕೋಲನ್ನ ಇವತ್ತಿನವರೆಗೂ ಮುಟ್ಟಿಲ್ಲ."

ಅಧ್ಯಕ್ಷರು ನಿಧಾನವಾಗಿ ಸಮಿತಿಯ ಕಡೆ ತಿರುಗಿ, ನೋಡಿದಿರಾ, ಸಿಕ್ಕಿಬಿದ್ದರೆ ಏನು ಹೇಳಬೇಕೆಂಬುದಕ್ಕೂ ಎಂಥ ತಯಾರಿ ಎಂದು ತಲೆದೂಗಿದರು. ಸಮಿತಿಯವರೂ ತಲೆದೂಗಿದರು. ಮೀಟರಪ್ಪ ಇನ್ನೊಮ್ಮೆ ಹೇಳಿದ. ಅವರ ಗೌರವ ಇನ್ನಷ್ಟು ಹೆಚ್ಚಿತು. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಲೋಕ ಸತ್ಯವನ್ನು ಎರಡು ಸಲ ಹೇಳಿದರೂ ನಂಬಲಿಲ್ಲ. ಗುಟ್ಟು ಗುಟ್ಟಾಗಿಯೇ ಇರಲಿ, ಮೈದಾನದಲ್ಲಿ ಏನಾದರೂ ದೋಷ ಕಂಡಿತೇ, ಅಷ್ಟು ಹೇಳಿದರೆ ಸಾಕು ಎಂದು ಅಧ್ಯಕ್ಷರು ಬೇಡಿಕೊಂಡರು.

"ಏನೂ ಹೇಳೋ ಹಾಗಿಲ್ಲ," ಎಂದ ಮೀಟರಪ್ಪ, ಸೋತು.

ಆ ಮೈದಾನದಲ್ಲಿ ಚಪ್ಪಾಳೆ ಹೊಡೆಯುವ ಪದ್ಧತಿ ಇರಲಿಲ್ಲ, ಆದರೂ ಹೊಡೆದರು. ಬಿಳಿ ಟೋಪಿಯ ಮನುಷ್ಯ ಅಲ್ಲೇ ಷಡ್ಡಕನ ಕೈ ಹಿಡಿದು ಮನೆ ತನಗೇ ಕೊಡಬೇಕೆಂದ. ಮೀಟರ್ ಓದುವ ಕೆಲಸದ ವಿಷಯ ನಿಜವೆಂದು ಷಡ್ಡಕನೂ ಹೇಳಿ ನೋಡಿದ. ಬಿಳಿ ಟೋಪಿಯವನು ಕಣ್ಣು ಮಿಟುಕಿಸಿದ, ಅಷ್ಟೆ. ಇವತ್ತು ಮೊದಲ ಬಾರಿಗೆ ಮುಟ್ಟಿ ನೋಡಿ ಎಂದು ನಗುತ್ತಾ ಅಧ್ಯಕ್ಷರು ಒಂದು ಗಾಲ್ಫ್ ಕೋಲನ್ನು ಮೀಟರಪ್ಪನ ಕೈಗಿತ್ತರು.

ಹೆಂಡತಿಯ ಒತ್ತಾಯಕ್ಕೆ ಕಾರು ಮನೆಯ ದಾರಿ ಬಿಟ್ಟು ಡಿಪೋದ ಕಡೆ ತಿರುಗಿತು. ದಾರಿಯಲ್ಲಿ ಅವಳು ಹಿತ್ತಿಲಿನಲ್ಲಿ ನಡೆದದ್ದನ್ನು ಹೇಳಿದಳು. ಹೆಲ್ಮೆಟ್ ಇನ್ನೂ ಮಡಿಲಲ್ಲೇ ಇತ್ತು. ಚೆಂಡು ಯಾವಾಗ ಬಂದು ಬೀಳುತ್ತದೋ ಎಂದು ಅಕ್ಕ ಗಿಡಕ್ಕೆ ನೀರು ಹಾಕುವಾಗ, ಬಟ್ಟೆ ಒಣಹಾಕುವಾಗ ಅದನ್ನು ಹಾಕಿಕೊಳ್ಳುತ್ತಾಳಂತೆ. ಅಡುಗೆಮನೆಯ ಕಿಟಕಿ ಗಾಜು ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲವಂತೆ.

"ನಾನು ಹೇಳ್ದೆ, ಇವ್ರು ಗಾಲ್ಫ್ ಆಡಲ್ಲ ಅಕ್ಕ ಅಂತ. ಗೊತ್ತು, ಅವತ್ತೇ ಗೊತ್ತಾಯ್ತು ಅಂದ್ಲು." ಹೆಂಡತಿ ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ತಿರುಗಿಸಿ ನೋಡಿದಳು. "ಆಮೇಲೆ ಅಂದ್ಲು, ನಿಂಗೆ ಮೂರು ಮಹಡಿ ಇಳಿಯೋಕೆ ಕಷ್ಟ. ನಂಗೆ ಇಳಿಯೋ ಕಷ್ಟ ಇಲ್ಲ, ಇಳಿದ್ರೂ ಹೋಗಿ ಮಾತಾಡೋಕೆ ಒಂದು ಮನೆ ಇಲ್ಲ ಅಂತ. ವರ್ಷ ಆಯ್ತಂತೆ ಕಣ್ರೀ, ನಮ್ಮಕ್ಕ ಇನ್ನೊಬ್ಬರ ಬಾಗಿಲಲ್ಲಿ ಕೂತು."

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಮೀಟರಪ್ಪನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ. ಆ ಹೊತ್ತಿಗೆ ಅವನಿಗೆ ಮಾತಿನ ಬೆಲೆ ಚೆನ್ನಾಗಿ ತಿಳಿದಿತ್ತು.

ನರ್ಸಮ್ಮ ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ಇನ್ನೊಬ್ಬರು ಮುಂಗಡ ಹಿಡಿದುಕೊಂಡೇ ಬಂದಿದ್ದರಂತೆ.

"ಸಂಜೆವರೆಗೂ ಬೇರೆಯೋರಿಗೆ ಕೊಡಲ್ಲ ಅಂತ ಕಳಿಸಿಬಿಟ್ಟೆ," ಎಂದಳು ನರ್ಸಮ್ಮ. "ಪಕ್ಕದ ಮನೆ ಅಜ್ಜನ ಕೆಮ್ಮು ವಾಸಿಯಾಯ್ತಾ ಅಂತ ಕೇಳೋಕೆ ಆ ತಾಯಿ ಬಂದೇ ಬರ್ತಾಳೆ ಅಂತ ಗೊತ್ತಿತ್ತು."

ಹೆಂಡತಿ ಆಗಲೇ ಮೆಟ್ಟಿಲ ಮೇಲೆ ಕುಳಿತು ಅದನ್ನೇ ಕೇಳುತ್ತಿದ್ದಳು.

ಮಾತು ಮುಗಿದು, ಮುಂಗಡ ಕೈ ಬದಲಾಗುವ ಹೊತ್ತಿಗೆ ತಂತಿಬೇಲಿಯ ಮೇಲಿನಿಂದ ಬಿಳಿಯದೊಂದು ಹಾರಿ ಬಂದು ಓಣಿಯಲ್ಲಿ ಪುಟಿದು ಮೀಟರಪ್ಪನ ಚಪ್ಪಲಿಯ ಹತ್ತಿರ ನಿಂತಿತು. ಬಳ್ಳಿ ಸರಿಸಿಕೊಂಡು ಖಾಕಿ ಅಂಗಿಯ ಒಬ್ಬ ಬಸ್ ಡ್ರೈವರ್ ತಲೆ ಹೊರಹಾಕಿದ. ಮೀಟರಪ್ಪನ ಕೈಯಲ್ಲಿದ್ದ ಕೋಲನ್ನು ನೋಡಿ, ಆಡುವವರಾದರೆ ಬೇಲಿಯ ಸಂದಿಯಿಂದಲೇ ಬಂದುಬಿಡಿ ಎಂದ. ಬೇಲಿಯಾಚೆ ಡಿಪೋದ ಖಾಲಿ ಜಾಗವೆಂದು ಗಂಡಹೆಂಡತಿ ತಿಳಿದಿದ್ದದ್ದು ನಗರಸಭೆಯ ಗಾಲ್ಫ್ ಮೈದಾನ. ಹುಲ್ಲು ಅಲ್ಲಲ್ಲಿ ಇತ್ತು, ಬಾವುಟಗಳು ಹಳೆಯ ಸಮವಸ್ತ್ರದ ತುಂಡುಗಳು, ಗುಂಡಿಗಳು ಆರೇ ಆರು. ಬಸ್ ಟಿಕೆಟ್ಟಿಗಿಂತ ಕಡಿಮೆ ಎಂದು ಕ್ಷೌರಿಕ ಹೇಳಿದ್ದು ಅಕ್ಷರಶಃ ನಿಜ. ನಿವೃತ್ತ ನಗರಸಭೆ ನೌಕರರಿಗೆ ಅದೂ ಇಲ್ಲ ಎಂದ ಡ್ರೈವರ್.

ಮೀಟರಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡುತ್ತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಅಕ್ಕನಿಗೆ ಹೇಳಿದ ಸುಳ್ಳು ನಿಜವಾಗಿ ಮಾರ್ಪಟ್ಟು ಪುಕ್ಕಟೆಯಾಗಿ ಬಾಗಿಲ ಮುಂದೆ ಬಿದ್ದಿತ್ತು.

ಷಡ್ಡಕನ ಮನೆ ಮಾರಾಟವಾಯಿತು. ಮುಂದಿನ ಮನೆ ಸಿಗುವವರೆಗೆಂದು ಅವನು ಅದೇ ಓಣಿಯ ತುದಿಯಲ್ಲಿ ಬಾಡಿಗೆಗೆ ಬಂದ, ಆಮೇಲೆ ಮುಂದಿನ ಮನೆ ಹುಡುಕುವುದನ್ನು ಮರೆತ. ಅಕ್ಕ ಬೆಳಿಗ್ಗೆ ಎದ್ದರೆ ತಂಗಿಯ ಮೆಟ್ಟಿಲಲ್ಲಿ ಇರುತ್ತಾಳೆ. ಷಡ್ಡಕರಿಬ್ಬರೂ ಭಾನುವಾರ ಬೇಲಿ ದಾಟುತ್ತಾರೆ. ಅವರ ಆಟದ ಬಗ್ಗೆ ಡ್ರೈವರುಗಳು ಏನೂ ಹೇಳುವ ಹಾಗಿಲ್ಲ ಎನ್ನುತ್ತಾರೆ. ಮೀಟರಪ್ಪ ಹೊಡೆದ ಚೆಂಡು ಹೆಚ್ಚಾಗಿ ಓಣಿಗೇ ಬರುವುದರಿಂದ, ಅವನು ಆಡುವಷ್ಟು ಹೊತ್ತು ಹೆಂಡತಿ ಅಕ್ಕನ ಹೆಲ್ಮೆಟ್ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂರುತ್ತಾಳೆ. ಹಾದುಹೋಗುವವರು ಅದಕ್ಕೂ ಒಗ್ಗಿಕೊಂಡಿದ್ದಾರೆ.

ಎಷ್ಟೋ ಭಾನುವಾರಗಳಾದ ಮೇಲೆ, ಬೇಲಿಯ ಪಕ್ಕದ ಆರನೇ ಗುಂಡಿಯ ಹತ್ತಿರ ಮೀಟರಪ್ಪ ಒಂದು ಹೊಡೆತ ಹೊಡೆದ. ಚೆಂಡು ಹೊರಟಿತು, ಒಂದು ಕಲ್ಲಿಗೆ ತಾಗಿತು, ದಾರಿ ಬದಲಿಸಿತು, ಬಾವುಟದ ಹತ್ತಿರ ಕಾಣದಾಯಿತು. ಷಡ್ಡಕ ಪೊದೆಯಲ್ಲಿ ಹುಡುಕತೊಡಗಿದ. ಮೀಟರಪ್ಪ ಕೋಲು ಕೆಳಗಿಟ್ಟು, ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಟಾರ್ಚ್ ಬಿಟ್ಟ. ತಳದಲ್ಲಿ ಚೆಂಡು ಕೂತಿತ್ತು. ಗಾಲ್ಫ್ ಚೆಂಡುಗಳ ಮೇಲೆ ಒಂದು ಅಂಕಿ ಅಚ್ಚಾಗಿರುತ್ತದೆ, ಆ ಅಂಕಿ ಸರಿಯಾಗಿ ಮೇಲ್ಮುಖವಾಗಿತ್ತು. ಅವನು ಅಂಚಿನ ಮೇಲೆ ಎರಡು ಸಲ ಕುಟ್ಟಿದ.

"ಮೂರು," ಎಂದು ಕೂಗಿದ.

ಬೇಲಿಯಾಚೆ, ಮೆಟ್ಟಿಲ ಮೇಲೆ, ಅವನ ಹೆಂಡತಿ ಅಕ್ಕನೊಂದಿಗಿನ ಮಾತು ನಿಲ್ಲಿಸಿ ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆ ಸರಿಸಿದಳು.

"ಬರ್ಕೊಂಡೆ," ಎಂದಳು.